ಬಿಸಿಯೂಟದಲ್ಲಿ ಸಸ್ಯಾಹಾರ ಮತ್ತು ಆಹಾರದ ಅಲರ್ಜಿ: ಪೋಷಕರು ತಿಳಿದಿರಬೇಕಾದ ಸಂಗತಿಗಳು

ನಮ್ಮ ರಾಜ್ಯದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಧ್ಯಾಹ್ನದ ಬಿಸಿಯೂಟದ ಯೋಜನೆಗೆ ‘ಅಕ್ಷರ ದಾಸೋಹ’ ಎಂದು ಹೆಸರು. ದಾಸೋಹವೆಂಬ ಪದಕ್ಕೆ ಹನ್ನೆರಡನೆಯ ಶತಮಾನದ ಶರಣರು ಕೊಟ್ಟ ಅರ್ಥ ದೊಡ್ಡದು. ಅದು ದಾನವಲ್ಲ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ಬಡಿಸುವವನು ಉಣ್ಣುವವನ ಸೇವಕನಾಗಿ ನಿಲ್ಲುತ್ತಾನೆ. ಹೀಗಿರುವಾಗ ಉಣ್ಣುವ ಮಗುವಿಗೆ ಏನು ಸಲ್ಲುತ್ತದೆ, ಏನು ಒಗ್ಗುವುದಿಲ್ಲ ಎಂಬುದನ್ನು ಅರಿಯುವುದೂ ದಾಸೋಹದ ಭಾಗವೇ ಆಗುತ್ತದೆ.

ಸಿರಿಗೆರೆಯ ಸುತ್ತಮುತ್ತಲಿನ ಹಳ್ಳಿಗಳ ಸದ್ಭಕ್ತರ ಮನೆಗಳಲ್ಲಿ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಮೊಟ್ಟೆ ತಿನ್ನದ ಮಗುವಿಗೆ ಶಾಲೆಯಲ್ಲಿ ಏನು ದೊರೆಯುತ್ತದೆ? ಶೇಂಗಾ ಅಥವಾ ಹಾಲು ಒಗ್ಗದ ಮಗುವಿನ ವಿಷಯವನ್ನು ಯಾರಿಗೆ ತಿಳಿಸಬೇಕು? ಈ ಎರಡನ್ನೂ ಕುರಿತು ನಾವು ಬಲ್ಲ ಸಂಗತಿಗಳನ್ನು ಇಲ್ಲಿ ಒಂದೆಡೆ ನೀಡುತ್ತಿದ್ದೇವೆ.

ಯೋಜನೆಯ ಹಿನ್ನೆಲೆ

2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯವು ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬೇಯಿಸಿದ ಊಟ ಕೊಡಬೇಕೆಂದು ಎಲ್ಲ ರಾಜ್ಯಗಳಿಗೆ ಆದೇಶಿಸಿತು. ಕರ್ನಾಟಕದಲ್ಲಿ 2002ರ ಜೂನ್‌ನಲ್ಲಿ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಯೋಜನೆ ಆರಂಭವಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೂ ವಿಸ್ತರಿಸಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಈ ಊಟವನ್ನು ಮಕ್ಕಳ ಹಕ್ಕನ್ನಾಗಿಸಿತು. 2021ರ ಸೆಪ್ಟೆಂಬರ್‌ನಿಂದ ರಾಷ್ಟ್ರಮಟ್ಟದಲ್ಲಿ ಇದಕ್ಕೆ ‘ಪಿಎಂ ಪೋಷಣ್’ ಎಂಬ ಹೆಸರಿದೆ.

ನಿಯಮದ ಪ್ರಕಾರ ಕಿರಿಯ ಪ್ರಾಥಮಿಕ ಹಂತದ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆಕಾಳು, 50 ಗ್ರಾಂ ತರಕಾರಿ ಸಲ್ಲಬೇಕು. ಊಟದಿಂದ 450 ಕಿಲೋಕ್ಯಾಲೊರಿ ಶಕ್ತಿ ಮತ್ತು 12 ಗ್ರಾಂ ಪ್ರೋಟೀನು ದೊರೆಯಬೇಕು. ಹಿರಿಯ ಪ್ರಾಥಮಿಕ ಹಂತದಲ್ಲಿ ಧಾನ್ಯ 150 ಗ್ರಾಂ, ಬೇಳೆಕಾಳು 30 ಗ್ರಾಂ, ತರಕಾರಿ 75 ಗ್ರಾಂ; ಶಕ್ತಿ 700 ಕಿಲೋಕ್ಯಾಲೊರಿ, ಪ್ರೋಟೀನು 20 ಗ್ರಾಂ. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ 18 ಗ್ರಾಂ ಹಾಲಿನ ಪುಡಿಯಿಂದ ತಯಾರಿಸಿದ 150 ಮಿಲಿಲೀಟರ್ ಹಾಲನ್ನೂ ಕೊಡಲಾಗುತ್ತಿದೆ.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಬಿಸಿಯೂಟದ ಮೂಲ ಅಡುಗೆ ಸಸ್ಯಾಹಾರವೇ. ಅನ್ನ, ಸಾರು, ಬೇಳೆ, ತರಕಾರಿಗಳ ಊಟದ ಬಗ್ಗೆ ಯಾರಿಗೂ ತಕರಾರಿಲ್ಲ. ಚರ್ಚೆ ಎದ್ದದ್ದು ಅದರ ಮೇಲೆ ಕೊಡುವ ಪೂರಕ ಆಹಾರದ ವಿಷಯದಲ್ಲಿ.

ಮೊಟ್ಟೆ, ಬಾಳೆಹಣ್ಣು, ಚಿಕ್ಕಿ

2021ರ ಡಿಸೆಂಬರ್‌ನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯಪುರ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ವಿತರಣೆ ಆರಂಭವಾಯಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಎಂದು ನಿಗದಿಯಾಯಿತು. ಆಗ ಲಿಂಗಾಯತ ಮತ್ತು ಜೈನ ಸಮಾಜಗಳ ಅನೇಕ ಧಾರ್ಮಿಕ ಮುಖಂಡರು ಆಕ್ಷೇಪವೆತ್ತಿದರು. ಮೊಟ್ಟೆ ಬೇಕೆಂದು ಮಕ್ಕಳೇ ದನಿಯೆತ್ತಿದ್ದನ್ನೂ ನಾಡು ಕೇಳಿತು. ಮುಂದೆ ಯೋಜನೆ ರಾಜ್ಯಕ್ಕೆಲ್ಲ ವಿಸ್ತರಿಸಿ, ಮೊಟ್ಟೆ, ಬಾಳೆಹಣ್ಣು, ಶೇಂಗಾ ಚಿಕ್ಕಿಗಳಲ್ಲಿ ಒಂದನ್ನು ಆಯ್ದುಕೊಳ್ಳುವ ವ್ಯವಸ್ಥೆ ಬಂದಿತು. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನೊಂದಿಗೆ ಇದು ವಾರಕ್ಕೆ ಆರು ದಿನಗಳಿಗೆ ಏರಿತು. ಸಕ್ಕರೆ ಮತ್ತು ಕೊಬ್ಬಿನ ಅಂಶ ಹೆಚ್ಚೆಂಬ ಕಾರಣದಿಂದ 2025ರ ಆರಂಭದಲ್ಲಿ ಇಲಾಖೆಯು ಚಿಕ್ಕಿಯನ್ನು ನಿಲ್ಲಿಸಿತು.

ಮೊಟ್ಟೆ ಒಲ್ಲದ ಮಗುವಿಗೆ ಉಳಿದದ್ದು ಬಾಳೆಹಣ್ಣು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು ಇರುತ್ತದೆ. ಬಿ12 ಜೀವಸತ್ವವೂ ಇರುತ್ತದೆ. ಒಂದು ಬಾಳೆಹಣ್ಣಿನಲ್ಲಿರುವ ಪ್ರೋಟೀನು ಸುಮಾರು 1 ಗ್ರಾಂ, ಬಿ12 ಇಲ್ಲ. ಬಾಳೆಹಣ್ಣು ಒಳ್ಳೆಯ ಆಹಾರವೇ, ಆದರೆ ಮೊಟ್ಟೆಗೆ ಸಮನಾದ ಆಹಾರವಲ್ಲ.

ಬದಲಿ ಆಹಾರ ಸಮನಾಗಿರಬೇಕು

ತನ್ನ ಮನೆಯ ಆಚಾರಕ್ಕೆ ಒಗ್ಗದ್ದನ್ನು ಬೇಡವೆನ್ನುವ ಅಧಿಕಾರ ಪ್ರತಿ ಕುಟುಂಬಕ್ಕೂ ಇದೆ. ಆದರೆ ಬೇಡವೆಂದ ಮಾತ್ರಕ್ಕೆ ಹೊಣೆ ಮುಗಿಯುವುದಿಲ್ಲ. ಅದರ ಬದಲಿಗೆ ಏನು ಎಂಬುದನ್ನು ಹೇಳಬೇಕಾದವರೂ ನಾವೇ. ಮೊಟ್ಟೆಯ ವಿಷಯದಲ್ಲಿ ನಮ್ಮ ಸಮಾಜ ಆಡಿದ ಮಾತುಗಳಲ್ಲಿ ಹೆಚ್ಚಿನವು ‘ಕೊಡಬಾರದು’ ಎಂಬಲ್ಲಿಗೆ ನಿಂತವು; ‘ಇದನ್ನು ಕೊಡಿ’ ಎಂಬ ಮಾತು ಅಷ್ಟು ಗಟ್ಟಿಯಾಗಿ ಕೇಳಲಿಲ್ಲ. ಅದರ ನಷ್ಟವನ್ನು ಹೊರುವವರು ಸಸ್ಯಾಹಾರಿ ಬಡ ಮನೆಗಳ ಮಕ್ಕಳು.

ಸಮನಾದ ಬದಲಿ ನಮ್ಮ ಹೊಲಗಳಲ್ಲೇ ಬೆಳೆಯುತ್ತದೆ. 30 ಗ್ರಾಂ ಹುರಿಗಡಲೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು ಇದೆ. ಹೆಸರುಕಾಳು, ಹುರುಳಿ, ಅಲಸಂದೆ, ಅವರೆಗಳ ಉಸಲಿಯೂ ಇದೇ ಕೆಲಸ ಮಾಡುತ್ತದೆ. ಧಾನ್ಯದ ಪ್ರೋಟೀನಿನಲ್ಲಿ ಕೊರತೆಯಾಗುವ ಅಂಶವನ್ನು ಕಾಳು ತುಂಬಿಕೊಡುವುದರಿಂದ ಮುದ್ದೆಗೆ ಹುರುಳಿ ಸಾರು, ಅನ್ನಕ್ಕೆ ಬೇಳೆ ಎಂಬ ನಮ್ಮ ಹಿರಿಯರ ಜೋಡಣೆ ಆಹಾರಶಾಸ್ತ್ರಕ್ಕೂ ಸರಿಯಾದದ್ದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಸೊಪ್ಪಿನ ಪಲ್ಯದ ಮೇಲೆ ನಿಂಬೆರಸ ಹಿಂಡಿದರೆ ಅದರಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಹೆಚ್ಚಾಗಿ ಸೇರುತ್ತದೆ.

ಬಿ12 ಮಾತ್ರ ಸಸ್ಯಗಳಿಂದ ದೊರೆಯುವುದಿಲ್ಲ. ಮೊಟ್ಟೆ, ಮಾಂಸ ತಿನ್ನದ ಮಗುವಿಗೆ ಹಾಲು, ಮೊಸರು, ಮಜ್ಜಿಗೆಗಳೇ ಅದರ ಮೂಲ. ಕಬ್ಬಿಣ ಮತ್ತು ಫೋಲಿಕ್ ಆಮ್ಲದೊಡನೆ ಬಿ12 ಅನ್ನು ಬೆರೆಸಿದ ಸಾರವರ್ಧಿತ ಅಕ್ಕಿಯನ್ನೂ ಸರ್ಕಾರದ ಆಹಾರ ಯೋಜನೆಗಳಿಗೆ ತರಲಾಗಿದೆ. ಆದ್ದರಿಂದ ಹಾಲೂ ಒಗ್ಗದ ಸಸ್ಯಾಹಾರಿ ಮಗುವಿನ ಬಗ್ಗೆ ವೈದ್ಯರ ಸಲಹೆ ಅಗತ್ಯ.

‘ತಿನ್ನುವುದಿಲ್ಲ’ ಮತ್ತು ‘ತಿನ್ನಲಾಗದು’

ಈ ಎರಡು ಮಾತುಗಳನ್ನು ಶಾಲೆಯಲ್ಲಿಯೂ ಮನೆಯಲ್ಲಿಯೂ ಒಂದೇ ಎಂದು ಭಾವಿಸುವುದುಂಟು. ಅವು ಬೇರೆ ಬೇರೆ. ಮೊದಲನೆಯದು ಆಚಾರಕ್ಕೆ ಸೇರಿದ್ದು. ತಪ್ಪಿದರೆ ಮನಸ್ಸಿಗೆ ನೋವು. ಎರಡನೆಯದು ದೇಹಕ್ಕೆ ಸೇರಿದ್ದು. ತಪ್ಪಿದರೆ ಪ್ರಾಣಕ್ಕೆ ಅಪಾಯ. ಮೊಟ್ಟೆಯೋ ಬಾಳೆಹಣ್ಣೋ ಎಂದು ಕೇಳಿ ಪಟ್ಟಿಯಲ್ಲಿ ಬರೆದುಕೊಂಡರೆ ಮೊದಲನೆಯದು ಮಾತ್ರ ದಾಖಲಾಗುತ್ತದೆ. ಮೊಟ್ಟೆಯ ಅಲರ್ಜಿಯಿರುವ ಮಗುವೂ ಅದೇ ಪಟ್ಟಿಯಲ್ಲಿ ಕೇವಲ ಸಸ್ಯಾಹಾರಿಯೆಂದು ಸೇರಿಬಿಡುತ್ತದೆ. ಶೇಂಗಾ ಒಗ್ಗದ ಮಗುವಿನ ಹೆಸರು ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ.

ಅಲರ್ಜಿಯೆಂದರೆ ನಿರುಪದ್ರವಿಯಾದ ಆಹಾರದ ಪ್ರೋಟೀನನ್ನು ದೇಹದ ರಕ್ಷಣಾ ವ್ಯವಸ್ಥೆ ಶತ್ರುವೆಂದು ಬಗೆಯುವುದು. ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಮೈಮೇಲೆ ಪಿತ್ತಗಂಧೆ ಏಳುವುದು, ತುಟಿ ಮತ್ತು ಕಣ್ಣು ಊದಿಕೊಳ್ಳುವುದು, ವಾಂತಿಯಾಗುವುದು ಇದರ ಲಕ್ಷಣಗಳು. ಉಸಿರು ಕಟ್ಟುವುದು, ದನಿ ಬದಲಾಗುವುದು, ಮಗು ತಲೆಸುತ್ತಿ ಬೀಳುವುದು ತೀವ್ರ ಸ್ಥಿತಿಯ ಸೂಚನೆಗಳು. ಆಗ ಮಗುವನ್ನು ಮಲಗಿಸಿ (ಉಸಿರಾಟ ಕಷ್ಟವಾದರೆ ಒರಗಿಸಿ ಕೂರಿಸಿ) ತಡಮಾಡದೆ 108ಕ್ಕೆ ಕರೆಮಾಡಬೇಕು. ಆಸ್ಪತ್ರೆಯಲ್ಲಿ ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದೇ ಮೊದಲ ಚಿಕಿತ್ಸೆ. ಮನೆಮದ್ದಿನಲ್ಲಿ ಹೊತ್ತು ಕಳೆಯಬಾರದು.

ಇಂಥ ಮಕ್ಕಳು ನಮ್ಮಲ್ಲಿ ವಿರಳ. ಚೀನಾ, ರಷ್ಯಾ, ಭಾರತಗಳ ಶಾಲಾ ಮಕ್ಕಳನ್ನು ಕುರಿತು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಭಾರತದ ಮಕ್ಕಳಲ್ಲಿ ಕಂಡ ಪ್ರಮಾಣ ಶೇ. 0.14ರಷ್ಟು. ಆದರೆ ಆ ಲೆಕ್ಕದಲ್ಲಿಯೇ ಒಂದು ಲಕ್ಷ ಮಕ್ಕಳಿಗೆ 140 ಮಕ್ಕಳಾಗುತ್ತಾರೆ. ವಿರಳವೆಂಬ ಕಾರಣದಿಂದಲೇ ಅಡುಗೆಮನೆಗೆ ಅದರ ಅರಿವಿರುವುದಿಲ್ಲ.

ಸಸ್ಯಾಹಾರದಲ್ಲಿಯೂ ಎಚ್ಚರ ಬೇಕು

ಸಸ್ಯಾಹಾರದಿಂದ ಅಲರ್ಜಿಯಾಗದೆಂಬ ನಂಬಿಕೆ ಸರಿಯಲ್ಲ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮಗಳು ಪೊಟ್ಟಣದ ಮೇಲೆ ಕಡ್ಡಾಯವಾಗಿ ನಮೂದಿಸಬೇಕೆಂದ ಅಲರ್ಜಿಕಾರಕಗಳಲ್ಲಿ ಮೊಟ್ಟೆ, ಮೀನುಗಳ ಜೊತೆಗೆ ಹಾಲು, ಶೇಂಗಾ, ಸೋಯಾ, ಗೋಡಂಬಿಯಂಥ ಬೀಜಗಳು, ಗೋಧಿಯಂಥ ಗ್ಲುಟೆನ್‌ಯುಕ್ತ ಧಾನ್ಯಗಳೂ ಇವೆ. ಕಡಲೆಯ ಅಲರ್ಜಿಯೂ ನಮ್ಮ ದೇಶದಲ್ಲಿ ವರದಿಯಾಗಿದೆ. ಪೊಟ್ಟಣಕ್ಕೆ ಚೀಟಿಯಿದೆ, ಕೊಳಗದಲ್ಲಿ ಬೇಯುವ ಸಾರಿಗೆ ಚೀಟಿಯಿಲ್ಲ. ಅಲ್ಲಿ ಅಡುಗೆಯವರ ಅರಿವೇ ಚೀಟಿ.

ಚಳ್ಳಕೆರೆ, ಹಿರಿಯೂರುಗಳ ಕಡೆ ಶೇಂಗಾ ಮುಖ್ಯ ಬೆಳೆ. ಚಟ್ನಿಪುಡಿ, ಚಿತ್ರಾನ್ನ, ಹೋಳಿಗೆ, ಪಲ್ಯದ ಪುಡಿ ಎಲ್ಲದರಲ್ಲಿಯೂ ಅದು ಸೇರುತ್ತದೆ. ಶುದ್ಧೀಕರಿಸಿದ ಶೇಂಗಾ ಎಣ್ಣೆಯಲ್ಲಿ ಪ್ರೋಟೀನು ಬಹುಪಾಲು ಉಳಿಯುವುದಿಲ್ಲ. ಗಾಣದ ಎಣ್ಣೆಯಲ್ಲಿ ಉಳಿಯಬಹುದು. ಚಿಕ್ಕಿ ನಿಂತರೂ ಶೇಂಗಾ ಒಗ್ಗದ ಮಗುವಿನ ಅಪಾಯ ನಿಂತಿಲ್ಲ.

ಹಾಲಿನ ವಿಷಯದಲ್ಲಿ ಎರಡು ತೊಂದರೆಗಳನ್ನು ಬೇರ್ಪಡಿಸಬೇಕು. ಹಾಲಿನ ಸಕ್ಕರೆ ಜೀರ್ಣವಾಗದೆ ಹೊಟ್ಟೆಯುಬ್ಬರ, ಭೇದಿಯಾಗುವುದು ಒಂದು. ಇದು ಪ್ರಾಣಾಪಾಯವಲ್ಲ, ಇಂಥವರಿಗೆ ಮೊಸರು ಹಲವು ಸಲ ಒಗ್ಗುತ್ತದೆ. ಹಾಲಿನ ಪ್ರೋಟೀನಿಗೆ ಅಲರ್ಜಿಯಿರುವುದು ಇನ್ನೊಂದು; ಇವರಿಗೆ ಮೊಸರು, ಮಜ್ಜಿಗೆ, ತುಪ್ಪವೂ ಅಪಾಯಕರವಾಗಬಹುದು. 2024ರಿಂದ ಶಾಲೆಗಳಲ್ಲಿ ಕೊಡುತ್ತಿರುವ ರಾಗಿ ಮಾಲ್ಟನ್ನು ಹಾಲಿನಲ್ಲಿ ಬೆರೆಸುವುದರಿಂದ ಅದನ್ನೂ ಇಂಥ ಮಗುವಿಗೆ ಕೊಡಲಾಗದು.

ಪೋಷಕರು ಮಾಡಬೇಕಾದುದು

1. ಸಂಶಯವಿದ್ದರೆ ವೈದ್ಯರಿಗೆ ತೋರಿಸಿ, ಯಾವ ಆಹಾರ, ಎಷ್ಟು ತೀವ್ರ ಎಂಬುದನ್ನು ಕನ್ನಡದಲ್ಲಿ ಬರೆಸಿಕೊಳ್ಳಬೇಕು. ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೂ ತಿಳಿಸಬೇಕು. ವೈದ್ಯರನ್ನು ಕೇಳದೆ ತಾವಾಗಿಯೇ ಹಲವು ಆಹಾರಗಳನ್ನು ಬಿಡಿಸಿದರೆ ಮಗು ಸೊರಗುತ್ತದೆ.

2. ಆ ಪತ್ರದ ಪ್ರತಿಯನ್ನು ಮುಖ್ಯೋಪಾಧ್ಯಾಯರಿಗೆ ಕೊಟ್ಟು ಹಾಜರಿ ಪುಸ್ತಕದಲ್ಲಿ ಗುರುತು ಮಾಡಿಸಬೇಕು. ಅಡುಗೆಯವರೊಡನೆ ಮುಖತಃ ಮಾತಾಡಬೇಕು.

3. ಸಮನಾದ ಬದಲಿ ಆಹಾರದ ಬೇಡಿಕೆಯನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಮಂಡಿಸಿ, ತಾಲ್ಲೂಕಿನ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರಿಗೆ ಲಿಖಿತವಾಗಿ ಕಳುಹಿಸಬೇಕು. ಅಮೆರಿಕದ ಶಾಲಾ ಊಟದ ಯೋಜನೆಯಲ್ಲಿ ತೀವ್ರ ಅಲರ್ಜಿಯಿರುವ ಮಗುವಿನ ಪರವಾಗಿ ವೈದ್ಯಕೀಯ ಪತ್ರ ಸಲ್ಲಿಸಿದರೆ ಬದಲಿ ಆಹಾರ ಕೊಡುವುದು ಶಾಲೆಯ ಹೊಣೆಯಾಗಿದೆ. ನಮ್ಮಲ್ಲಿಯೂ ಅಂಥ ಸ್ಪಷ್ಟ ನಿಯಮ ಬೇಕೆಂಬುದು ನಮ್ಮ ಅಭಿಪ್ರಾಯ.

4. ತನಗೆ ಏನು ಒಗ್ಗದು ಎಂಬುದನ್ನು ಹೇಳಲು ಮಗುವಿಗೇ ಕಲಿಸಬೇಕು.

ದಾಸೋಹ ಮನೆಗಳಿಗೂ ಈ ಮಾತು ಸಲ್ಲುತ್ತದೆ

ಸರ್ಕಾರದಿಂದ ಬಯಸುವುದನ್ನು ಮಠಗಳ ದಾಸೋಹ ಮನೆಗಳೂ ವಿದ್ಯಾರ್ಥಿನಿಲಯಗಳೂ ಮೊದಲು ಪಾಲಿಸಬೇಕು. ಎಲೆಯಲ್ಲಿ ಪ್ರಸಾದವನ್ನು ಬಿಡಬಾರದೆಂಬ ಶಿಸ್ತು ನಮ್ಮಲ್ಲಿ ಹಿರಿದಾದದ್ದು. ಆದರೆ ಒಗ್ಗದ್ದನ್ನು ಬಡಿಸಿದ ಮೇಲೆ ಅದೇ ಶಿಸ್ತು ಮಗುವನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತದೆ. ಹಿರಿಯರ ಅಂಜಿಕೆಯಿಂದ ಅದು ತಿಂದೂ ಬಿಡುತ್ತದೆ. ಆದ್ದರಿಂದ ಬಡಿಸುವ ಮುನ್ನವೇ ಕೇಳಬೇಕು. ಪ್ರವೇಶದ ಅರ್ಜಿಯಲ್ಲಿ ಅಲರ್ಜಿಯ ಕುರಿತು ಒಂದು ಕಾಲಂ ಇರಬೇಕು. ಅಂಥ ಮಗುವಿನ ಅಡುಗೆಗೆ ಬೇರೆ ಸೌಟು, ಬೇರೆ ಪಾತ್ರೆ ಇರಬೇಕು. ಆದರೆ ಮಗುವನ್ನು ಬೇರೆ ಕೂರಿಸಬಾರದು. ಪಂಕ್ತಿಭೇದವನ್ನು ಒಪ್ಪದ ಪರಂಪರೆ ನಮ್ಮದು. ತರಳಬಾಳು ಹುಣ್ಣಿಮೆಯಂಥ ಮಹಾಮೇಳದಲ್ಲಿ ಪ್ರತಿಯೊಬ್ಬರನ್ನೂ ಕೇಳುವುದು ಕಷ್ಟ. ಬಡಿಸುವ ಪದಾರ್ಥಗಳಲ್ಲಿ ಶೇಂಗಾ, ಹಾಲು, ಗೋಧಿ ಯಾವುದರಲ್ಲಿದೆ ಎಂಬ ಫಲಕವನ್ನು ದಾಸೋಹದ ಬಾಗಿಲಲ್ಲಿ ತೂಗುಹಾಕುವುದು ಕಷ್ಟವಲ್ಲ.

ಈ ಶೈಕ್ಷಣಿಕ ವರ್ಷದಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸುವ ಪ್ರತಿಯೊಬ್ಬ ಪೋಷಕರೂ ಮುಖ್ಯೋಪಾಧ್ಯಾಯರೊಡನೆ ಈ ವಿಷಯವನ್ನು ಒಮ್ಮೆ ಮಾತಾಡಬೇಕೆಂದು ಕೋರುತ್ತೇವೆ.