ಸೊಂಟಕ್ಕೊಂದು ಪಟ್ಟಿ

ಇತ್ತ ಕಡೆ ತಲೆ ಹಾಕಿ ಬಹಳ ದಿನವಾಯ್ತು. ಕಾರಣ ಈಗ ತೊಟ್ಟಿಲಲ್ಲಿ ಮಲಗಿದೆ! ಅದು ಎದ್ದು ಅಳೋದರೊಳಗೆ ಒಂದು ವಿಷಯ ಬರೆದು ಮುಗಿಸಬೇಕು. ಮಗುವಿನ ವಿಷಯ ಅಲ್ಲ, ನನ್ನ ಸೊಂಟದ ವಿಷಯ. ನಗಬೇಡಿ, ಇದರಲ್ಲೂ ಒಂದು ಚರಿತ್ರೆ ಇದೆ.

ಎಂಟನೇ ತಿಂಗಳಲ್ಲಿ ಹೆರಿಗೆಗೆಂದು ಅಜ್ಜಂಪುರದ ತವರಿಗೆ ಹೊರಟಿದ್ದೆ. ರೈಲು ಕಡೂರು, ಬೀರೂರು ದಾಟುವಷ್ಟರಲ್ಲಿ ಸೊಂಟ ಎರಡು ಹೋಳಾದ ಹಾಗೆ ನೋವು. ಮನೆಗೆ ಬಂದ ಮೇಲೂ ಅಷ್ಟೇ. ರಾತ್ರಿ ಮಗ್ಗುಲು ಬದಲಿಸಬೇಕೆಂದರೆ ಮಂಚ ಹಿಡಿದು ಏಳಬೇಕು. ಡಾಕ್ಟರು ಪರೀಕ್ಷೆ ಮಾಡಿ, ಬೇರೇನೂ ತೊಂದರೆ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಕಡೂರಿನಲ್ಲಿ ಒಬ್ಬರು ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸಿದರು. ಆಕೆ ನನ್ನನ್ನು ಕೂರಿಸಿ, ಹೊಟ್ಟೆ ಬಿಟ್ಟಷ್ಟು ಮುಂದಕ್ಕೆ ಬಗ್ಗಿಸಿ, ಬೆನ್ನುಮೂಳೆಯ ಅಕ್ಕಪಕ್ಕ ಉದ್ದಕ್ಕೆ ಎರಡು, ನೋವಿದ್ದ ಕಡೆ ಅಡ್ಡಕ್ಕೆ ಎರಡು ನೀಲಿ ಪಟ್ಟಿ ಅಂಟಿಸಿದರು. ಜೊತೆಗೆ ಒಂದಷ್ಟು ವ್ಯಾಯಾಮ ಹೇಳಿಕೊಟ್ಟರು.

ಮನೆಗೆ ಬಂದು ತೋರಿಸಿದರೆ ಅಮ್ಮ, "ಇದೇನೇ, ಬಸ್ಸಿನ ಸೀಟಿಗೆ ತೇಪೆ ಹಾಕಿದ ಹಾಗೆ ಹಾಕವ್ರೆ!" ಅಂದಳು.

ಆವತ್ತಿಂದ ಈ ತೇಪೆಯ ಜಾತಕ ಹುಡುಕೋಕೆ ಶುರುಮಾಡಿದೆ. ಮಲಗಿದಲ್ಲೇ ಇರಬೇಕಾದವಳಿಗೆ ಇನ್ನೇನು ಕೆಲಸ ಹೇಳಿ.

ಅಂಟಿಸುವ ಪಟ್ಟಿ ಹೊಸದಲ್ಲ. ಜರ್ಮನಿಯ ಬೈಯರ್ಸ್‌ಡಾರ್ಫ್ ಕಂಪನಿ ಲ್ಯೂಕೋಪ್ಲಾಸ್ಟ್ ಅನ್ನೋ ಪ್ಲಾಸ್ಟರನ್ನು ತಂದಿದ್ದು 1901ರಲ್ಲಿ. ಆದರೆ ಅದು ಹಿಗ್ಗದ ಪಟ್ಟಿ, ಹಿಡಿದರೆ ಹಿಡಿದ ಹಾಗೇ. ನನ್ನ ಬೆನ್ನಿಗೆ ಬಿದ್ದ ಹಿಗ್ಗುವ ಹತ್ತಿಯ ಪಟ್ಟಿಯನ್ನು 1970ರ ದಶಕದಲ್ಲಿ ರೂಪಿಸಿದವರು ಜಪಾನಿನ ಕೈರೋಪ್ರಾಕ್ಟರ್ ಕೆಂಜೊ ಕಾಸೆ. ಇದರಲ್ಲಿ ಔಷಧಿ ಏನೂ ಇಲ್ಲ, ಬರೀ ಬಟ್ಟೆ ಮತ್ತು ಅಂಟು. ಸ್ನಾನ ಮಾಡಿದರೂ ಮೂರ್ನಾಲ್ಕು ದಿನ ಇರುತ್ತೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಬೀಚ್ ವಾಲಿಬಾಲ್ ಆಟಗಾರ್ತಿ ಕೆರಿ ವಾಲ್ಷ್ ಭುಜದ ಮೇಲೆ ಕಪ್ಪು ಪಟ್ಟಿ ಹಾಕಿಕೊಂಡು ಆಡಿದ ಮೇಲೆ ಲೋಕಕ್ಕೆಲ್ಲ ಇದರ ಪರಿಚಯವಾಯ್ತು. ಕ್ರೀಡಾಪಟುವಿನ ಭುಜಕ್ಕಷ್ಟೇ ಅಲ್ಲ, ಬಸುರಿಯ ಸೊಂಟಕ್ಕೂ ಇದು ಬಿತ್ತು.

ಕುತೂಹಲದ ವಿಷಯ ಅಂದ್ರೆ, ಅದೇ ಜಪಾನಿನಲ್ಲಿ ಬಸುರಿಯ ಹೊಟ್ಟೆಗೆ ಬಟ್ಟೆ ಕಟ್ಟುವ ಹಳೇ ಪದ್ಧತಿಯೊಂದಿದೆ. ಐದನೇ ತಿಂಗಳಲ್ಲಿ, ಅವರ ಪಂಚಾಂಗದ 'ನಾಯಿಯ ದಿನ' ನೋಡಿ ಕಟ್ಟುತ್ತಾರೆ. ನಾಯಿಗೆ ಹೆರಿಗೆ ಸಲೀಸು ಅಂತ ನಂಬಿಕೆ. ಕಾಸೆಯವರ ಪಟ್ಟಿ ಇದರಿಂದ ಹುಟ್ಟಿತು ಅಂತ ನಾನು ಹೇಳ್ತಿಲ್ಲ. ಆದರೆ ಅಲ್ಲಿ ಬಟ್ಟೆ ಸುತ್ತೋದು ಹೆರಿಗೆಗೆ ಮುಂಚೆ ಅನ್ನೋದು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ನಮ್ಮಲ್ಲಿ? ನಮ್ಮೂರಿನ ಅಮೃತಮಹಲ್ ದನಗಳಿಗೆ ಚಿಕ್ಕದೇವರಾಜ ಒಡೆಯರ 'ಬೆಣ್ಣೆ ಚಾವಡಿ'ಯ ಕಾಲದಿಂದ, ಅಂದರೆ ಮುನ್ನೂರು ವರ್ಷಕ್ಕೂ ಮೀರಿದ ಚರಿತ್ರೆ ಇದೆ. ಆ ಹೆಸರು ಕೊಟ್ಟಿದ್ದು ಟಿಪ್ಪು ಅಂತಾನೂ ಗೊತ್ತು. ಎಂಟು ತಿಂಗಳ ಬಸುರಿಯ ಸೊಂಟದ ಚರಿತ್ರೆ ಬೇಕು ಅಂದ್ರೆ ಮಾತ್ರ ಅಜ್ಜಿಯನ್ನೇ ಕೇಳಬೇಕು. ತರೀಕೆರೆಯಲ್ಲಿರುವ ಅಮ್ಮನ ಅಮ್ಮನಿಗೆ ಫೋನ್ ಮಾಡಿದೆ.

"ಬಟ್ಟೆ ಕಟ್ತಿದ್ರಲ್ಲ," ಅಂದಳು ಅಜ್ಜಿ. "ಹಳೇ ನೂಲಿನ ಸೀರೆ ಮಡಿಚಿ, ಬಿಸಿನೀರು ಹುಯ್ದ ಮೇಲೆ ಬಿಗಿಯಾಗಿ ಸುತ್ತೋರು. ಹೊಟ್ಟೆ ಜೋಲಬಾರದು, ವಾಯು ಸೇರಬಾರದು ಅಂತ."

"ಅದು ಬಾಣಂತಿಗೆ ಅಜ್ಜಿ. ಹೆರಿಗೆಗೆ ಮುಂಚೆ ಸೊಂಟ ನೋಯ್ತಿರಲಿಲ್ವಾ?"

"ನೋಯದೇ ಏನು. ಹರಳೆಣ್ಣೆ ತಿಕ್ಕಿಕೊಂಡು ಮಲಗೋದು. ಬೆಳಿಗ್ಗೆ ಎದ್ದರೆ ಬಾವಿ ಹಗ್ಗ ಕಾಯ್ತಿರ್ತಿತ್ತು. ಹೆತ್ತ ಮೇಲೆ ಬಾಣಂತಿ ಕಣೇ, ಅಲ್ಲೀವರೆಗೂ ಸೊಸೆ."

ಇಷ್ಟು ಚಿಕ್ಕದಾಗಿ ಯಾವ ಚರಿತ್ರೆಕಾರನೂ ಹೇಳಿಲ್ಲ ಬಿಡಿ.

ಸೀಮಂತ ಮಾಡ್ತೀವಿ, ಬಳೆ ತೊಡಿಸ್ತೀವಿ, ಮಡಿಲು ತುಂಬ್ತೀವಿ. ಬಯಕೆ ಏನು ಅಂತ ಊರೆಲ್ಲ ಕೇಳುತ್ತೆ. ನೋವು ಎಲ್ಲಿ ಅಂತ ನನ್ನನ್ನು ಕೇಳಿದವರು ಕಡಿಮೆ. ಸರ್ಕಾರವೂ ನಮ್ಮ ಮನೆಯವರ ಹಾಗೇ ಯೋಚಿಸಿತು ಅನ್ನಿಸುತ್ತೆ. 2007ರಲ್ಲಿ ಕರ್ನಾಟಕ ಸರ್ಕಾರ ತಂದ 'ಮಡಿಲು' ಯೋಜನೆ ನೆನಪಿದೆಯಾ? ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಂದಿರಿಗೆ ಕೊಡುತ್ತಿದ್ದ ಆ ಚೀಲದಲ್ಲಿ ಸೊಳ್ಳೆಪರದೆ, ಸೋಪು, ಮಗುವಿನ ಟೋಪಿ ಜೊತೆಗೆ ತಾಯಿಯ ಹೊಟ್ಟೆಗೆ ಕಟ್ಟುವ ಬಟ್ಟೆಯೂ ಇತ್ತು. ಅಜ್ಜಿಯ ಸೀರೆಗೆ ಸಿಕ್ಕ ಸರ್ಕಾರಿ ಮನ್ನಣೆ! ಒಳ್ಳೆಯದೇ. ಆದರೆ ಅದೂ ಹೆತ್ತ ಮೇಲೆ.

ಈ ನೋವು ನಾಜೂಕಿನವರ ರಾಗ ಅಲ್ಲ. ಹೊಟ್ಟೆ ಮುಂದಕ್ಕೆ ಬಂದಂತೆ ಬೆನ್ನಿನ ಮೇಲೆ ಭಾರ ಬೀಳುತ್ತೆ. 1926ರಲ್ಲಿ ಫ್ರೆಡರಿಕ್ ಹಿಸಾ ಅನ್ನೋ ವಿಜ್ಞಾನಿ ಗಿನಿಯಿಲಿಗಳಲ್ಲಿ ಸೊಂಟದ ಕಟ್ಟು ಸಡಿಲ ಮಾಡುವ ವಸ್ತುವೊಂದನ್ನು ಕಂಡುಹಿಡಿದರು. ಅದೇ ರಿಲ್ಯಾಕ್ಸಿನ್. 2015ರಲ್ಲಿ ಕೊಕ್ರೇನ್ ಸಂಸ್ಥೆ 34 ಪ್ರಯೋಗಗಳನ್ನು ಒಟ್ಟಿಗೆ ನೋಡಿತು. ಬಸುರಿಯರಲ್ಲಿ ಮೂರನೇ ಎರಡು ಪಾಲಿಗಿಂತ ಹೆಚ್ಚು ಜನಕ್ಕೆ ಸೊಂಟನೋವು ಇರುತ್ತೆ, ವ್ಯಾಯಾಮದಿಂದ ಕಡಿಮೆಯಾಗಬಹುದು ಅಂತ ಅದರಲ್ಲಿದೆ. ಪುರಾವೆ ಅಷ್ಟು ಗಟ್ಟಿ ಇಲ್ಲ ಅಂತಲೂ ಅವರೇ ಒಪ್ಪಿಕೊಂಡಿದ್ದಾರೆ. ಪಟ್ಟಿಯ ಕಥೆಯೂ ಹಾಗೇ. 2016ರಲ್ಲಿ ಟರ್ಕಿಯಲ್ಲಿ ಒಂದು ಗುಂಪಿಗೆ ಬರೀ ಪ್ಯಾರಸಿಟಮಾಲ್, ಇನ್ನೊಂದಕ್ಕೆ ಅದರ ಜೊತೆ ಪಟ್ಟಿ ಕೊಟ್ಟು ನೋಡಿದರು. ಐದು ದಿನದಲ್ಲಿ ಪಟ್ಟಿಯವರಿಗೆ ನೋವು ಹೆಚ್ಚು ಇಳಿದಿತ್ತು. ಸಣ್ಣ ಅಧ್ಯಯನ, ಕೆಲವೇ ದಿನದ ಲೆಕ್ಕ. ಚರ್ಮ ಎತ್ತಿ ರಕ್ತ ಹರಿಸುತ್ತೆ ಅನ್ನೋ ಜಾಹೀರಾತಿನ ಮಾತು ಇನ್ನೂ ಸಾಬೀತಾಗಿಲ್ಲ. ನನಗಂತೂ ರಾತ್ರಿ ಮಗ್ಗುಲು ಬದಲಿಸೋಕಾಯ್ತು, ಅಷ್ಟು ಸಾಕಿತ್ತು.

ಒಂದು ಎಚ್ಚರಿಕೆ: ನೋವು ಅಲೆ ಅಲೆಯಾಗಿ ಬಂದು ಹೊಟ್ಟೆ ಬಿಗಿಯಾದರೆ, ರಕ್ತ ಅಥವಾ ನೀರು ಹೋದರೆ, ಜ್ವರ, ಉರಿಮೂತ್ರ ಇದ್ದರೆ ಪಟ್ಟಿಗಿಟ್ಟಿ ಅಂತ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಕೆಲವರಿಗೆ ಅಂಟಿನಿಂದ ತುರಿಕೆ ಆಗುತ್ತೆ, ಆಗ ಕಿತ್ತುಹಾಕಿ.

ಎರಡನೇ ಸಲ ಕಡೂರಿಗೆ ಹೋದಾಗ ಅಮ್ಮನೂ ಜೊತೆಗೆ ಬಂದಿದ್ದಳು. ಮುಗಿಸಿಕೊಂಡು ಹೊರಡುವಾಗ ಅಮ್ಮ ಸೊಂಟಕ್ಕೆ ಕೈ ಕೊಟ್ಟು ಬೆಂಚಿನಿಂದ ಎದ್ದಳು. ನಾನು ಹುಟ್ಟಿದಾಗಿನಿಂದ ಅವಳು ಹಾಗೇ ಏಳೋದು, ನನಗದು ಅಮ್ಮನ ಭಂಗಿ ಅಷ್ಟೇ. ಫಿಸಿಯೋಥೆರಪಿಸ್ಟ್ ಮಾತ್ರ ನಿಂತು ನೋಡಿ, "ಎಷ್ಟು ವರ್ಷದಿಂದ ಇದೆ ಅಮ್ಮಾ ಈ ನೋವು?" ಅಂತ ಕೇಳಿದರು.

ಅಮ್ಮ ಬೆರಳು ಮಡಚಿ ಲೆಕ್ಕ ಹಾಕಿದಳು. "ಮೂವತ್ತೊಂದು ಆಯ್ತೇನೋ," ಅಂದಳು.

ನನ್ನ ವಯಸ್ಸು ಮೂವತ್ತೊಂದು.

ಈಗ ಅಮ್ಮ ದಿನಾ ಬೆಳಿಗ್ಗೆ ಚಾಪೆ ಹಾಸಿಕೊಂಡು ಆಕೆ ಹೇಳಿಕೊಟ್ಟ ವ್ಯಾಯಾಮ ಮಾಡ್ತಾಳೆ, ಬೈಕೊಂಡು ಬೈಕೊಂಡು. ನನ್ನ ಸೊಂಟಕ್ಕೆ ಅಜ್ಜಿ ಕಳಿಸಿದ ನೂಲಿನ ಸೀರೆ ಬಿದ್ದಿದೆ. ನಿಮ್ಮ ಮನೆಯಲ್ಲೂ ಅಮ್ಮನೋ ಅಜ್ಜಿಯೋ ಹೀಗೆ ಸೊಂಟ ಹಿಡಿದು ಏಳ್ತಾರಾ? ಯಾವಾಗಿನಿಂದ ಅಂತ ಒಂದು ಸಲ ಕೇಳಿ ನೋಡಿ. ಕೇಳಿದ್ದನ್ನ ಇಲ್ಲಿ ಬಂದು ಹೇಳಿ.

ತೊಟ್ಟಿಲು ಅಲ್ಲಾಡ್ತಿದೆ.. ಬರ್ತೀನಿ.