ಗುಂಡ್ಲುಪೇಟೆಯಲ್ಲಿ ಟಿವಿ ನೋಡೋರು ಎಲ್ಲಿ ಹೋದ್ರು?

ಮೊದಲೇ ಹೇಳಿಬಿಡ್ತೀನಿ. ನಾನು ಟಿವಿಯಲ್ಲಿ ಮಾತಾಡಿ ಅನ್ನ ತಿನ್ನೋನು. ಜನ ಟಿವಿ ಬಿಟ್ಟು ಮೊಬೈಲ್‌ಗೆ ವಿಡಿಯೋ ಇಳಿಸಿಕೊಂಡು ನೋಡ್ತಿದ್ದಾರೆ ಅಂದ್ರೆ ಅದು ನನ್ನ ಹೊಟ್ಟೆ ಮೇಲೇ ಹೊಡೆತ. ಹಾಗಾಗಿ ಈ ವಿಷಯದಲ್ಲಿ ನಾನು ನಿಷ್ಪಕ್ಷಪಾತಿ ಅಂತ ಯಾರೂ ನಂಬೋದು ಬೇಡ. ಆದರೆ ಬೆಂಗಳೂರಿನ ಸ್ಟುಡಿಯೋಗಳಲ್ಲಿ ಕೂತವರು ಈ ಕಥೆಯನ್ನ 2016ರ ಜಿಯೋದಿಂದ ಶುರು ಮಾಡ್ತಾರಲ್ಲ, ಅದನ್ನ ಒಪ್ಪೋಕೆ ನನ್ನಿಂದ ಆಗಲ್ಲ. ಚಾಮರಾಜನಗರ, ಗುಂಡ್ಲುಪೇಟೆಯ ಕಡೆಯಿಂದ ನೋಡಿದ್ರೆ ಈ ಕಥೆಗೆ ಬೇರೆಯದೇ ಮುಖ ಇದೆ.

ಆ ಸೀಮೆಗೆ ಟಿವಿ ಬಂದಿದ್ದೇ ತಡವಾಗಿ. 1975ರ ಆಗಸ್ಟ್‌ನಿಂದ ಒಂದು ವರ್ಷ, ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸುವ 'ಸೈಟ್' ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು. ಕರ್ನಾಟಕದ ಪಾಲಿಗೆ ಬಂದದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ. ಅಂದು ಮೈಸೂರು ಜಿಲ್ಲೆಯ ಬಾಲದಂತಿದ್ದ ಚಾಮರಾಜನಗರವನ್ನ ಯಾರೂ ಕೇಳಲಿಲ್ಲ. ಅದು ಪ್ರತ್ಯೇಕ ಜಿಲ್ಲೆ ಆಗೋಕೇ 1997 ಬರಬೇಕಾಯ್ತು. 1987ರ ಜನವರಿಯಲ್ಲಿ 'ರಾಮಾಯಣ' ಶುರುವಾದಾಗ ಭಾನುವಾರ ಬೆಳಗ್ಗೆ ಊರಿಗೊಂದೋ ಎರಡೋ ಟಿವಿ ಇದ್ದ ಮನೆಯ ಪಡಸಾಲೆ ತುಂಬಿ ಬೀದಿಗೆ ಜನ ನಿಲ್ತಿದ್ರು. ಇದು ಎಲ್ಲ ಕಡೆಯ ಕಥೆ, ಹೆಚ್ಚು ಹೇಳಬೇಕಿಲ್ಲ.

ಈ ಜಿಲ್ಲೆಗೆ ಅಂತಲೇ ಇರೋ ಕಥೆ 2000ದ್ದು. ಜುಲೈ 30ರ ರಾತ್ರಿ ಚಾಮರಾಜನಗರದ ಗಡಿಗೆ ಹತ್ತಿರದ ದೊಡ್ಡಗಾಜನೂರಿನ ಮನೆಯಿಂದ ವೀರಪ್ಪನ್ ಡಾ. ರಾಜ್‌ಕುಮಾರ್ ಅವರನ್ನ ಎತ್ತಿಕೊಂಡು ಹೋದ. ಹೋಗುವಾಗ ಪಾರ್ವತಮ್ಮನವರ ಕೈಗೆ ಏನು ಕೊಟ್ಟ ಗೊತ್ತಾ? ಒಂದು ಆಡಿಯೋ ಕ್ಯಾಸೆಟ್. ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರಿಗೆ ತಲುಪಿಸಿ ಅಂತ. ಮುಂದಿನ 108 ದಿನ ಇಡೀ ರಾಜ್ಯ ಕಾದದ್ದು ಕ್ಯಾಸೆಟ್‌ಗಳಿಗಾಗಿ. ನಕ್ಕೀರನ್ ಗೋಪಾಲ್ ಕಾಡಿಗೆ ಹೋಗಿ ಬಂದ್ರೆ ಸಾಕು, ಅಣ್ಣಾವ್ರ ದನಿ ಬಂತಾ, ಮುಖ ಕಂಡಿತಾ ಅಂತ ಜನ ಟಿವಿ ಮುಂದೆ ಜಮಾಯಿಸ್ತಿದ್ರು. ಇವತ್ತಿನಷ್ಟು ಸುದ್ದಿ ಚಾನೆಲ್‌ಗಳು ಆಗ ಇರಲಿಲ್ಲ. ಇದ್ದದ್ದರ ಮುಂದೆಯೇ ಟೀ ಅಂಗಡಿ, ಸಲೂನು, ಬಸ್‌ಸ್ಟ್ಯಾಂಡಿನ ಹೋಟ್ಲು, ಎಲ್ಲೆಡೆ ಕಿವಿ ನಿಮಿರಿಸಿಕೊಂಡು ಗುಂಪು. ಕಾಡಿನಿಂದ ಪಟ್ಟಣಕ್ಕೆ ಕ್ಯಾಸೆಟ್ ಕೈಯಲ್ಲಿ ನಡೆದು ಬರ್ತಿತ್ತು, ಪಟ್ಟಣದಿಂದ ಹಳ್ಳಿಗೆ ಟಿವಿಯಲ್ಲಿ ಹೋಗ್ತಿತ್ತು. ಮಾಹಿತಿಯನ್ನ ಒಂದು ಡಬ್ಬಿಯಲ್ಲಿ ತುಂಬಿ, ಸಿಗ್ನಲ್ ಇಲ್ಲದ ಜಾಗ ದಾಟಿಸೋದು. ಡೌನ್‌ಲೋಡ್ ಅಂದ್ರೂ ಇದೇ ಅಲ್ವಾ?

ಅದಾಗಿ ಏಳೆಂಟು ವರ್ಷಕ್ಕೆ ಆ ಡಬ್ಬಿ ಉಗುರಿನಷ್ಟು ಚಿಕ್ಕದಾಯ್ತು. ಮೆಮೊರಿ ಕಾರ್ಡ್. ಚೈನಾ ಸೆಟ್ಟುಗಳ ಕಾಲ. ಬಸ್‌ಸ್ಟ್ಯಾಂಡ್ ಪಕ್ಕದ ರೀಚಾರ್ಜ್ ಅಂಗಡಿಗೆ ಹೋಗಿ ಕಾರ್ಡ್ ಕೊಟ್ರೆ, ಕಂಪ್ಯೂಟರ್‌ಗೆ ಚುಚ್ಚಿ, ಮಾದಪ್ಪನ ಹಾಡು, ಅಣ್ಣಾವ್ರ ಹಳೇ ಸಿನಿಮಾ, ಮೊನ್ನೆ ತಾನೇ ಬಿಡುಗಡೆಯಾದ ಹೊಸ ಸಿನಿಮಾ, ಎಲ್ಲ ತುಂಬಿ ಕೊಡೋರು. ಹತ್ತೋ ಇಪ್ಪತ್ತೋ ರೂಪಾಯಿ. ಇದು ಕಳ್ಳಮಾಲು, ಅದರಲ್ಲಿ ಎರಡು ಮಾತಿಲ್ಲ. ನಮ್ಮ ರಾಜ್ಯದ ಗೂಂಡಾ ಕಾಯ್ದೆಯ ಹೆಸರಿನೊಳಗೇ ಕಳ್ಳಭಟ್ಟಿಯವರ ಜೊತೆ ವಿಡಿಯೋ, ಆಡಿಯೋ ಪೈರೇಟ್‌ಗಳನ್ನೂ ಸೇರಿಸಿದ್ದಾರೆ. ಆದರೆ ಗಿರಾಕಿಯ ಕಡೆಯಿಂದಲೂ ಒಂದು ಸಲ ನೋಡಿ. ಅವನಿಗೆ ಇಂಟರ್ನೆಟ್ ಅಂದ್ರೇನು ಅಂತಲೇ ಗೊತ್ತಿಲ್ಲ. ಆದರೂ ಇಂಟರ್ನೆಟ್‌ನಿಂದ ಇಳಿಸಿದ ವಿಡಿಯೋ ಅವನ ಜೇಬಿನಲ್ಲಿದೆ. ಟಿವಿಯ ಮೊದಲ ವೀಕ್ಷಕ ಕಳಚಿಕೊಂಡದ್ದು ಇಲ್ಲಿ. ಜಿಯೋಗಿಂತ ಎಷ್ಟೋ ವರ್ಷ ಮೊದಲು.

ಯಾಕೆ ಕಳಚಿಕೊಂಡ? ಬಂಡೀಪುರದ ಅಂಚಿನ ಹಳ್ಳಿಯ ರೈತರೊಬ್ಬರನ್ನ ನಾನೇ ಕೇಳಿದ್ದೆ. ಅವರು ಕೊಟ್ಟ ಉತ್ತರ ಇಷ್ಟೇ: "ಏನ್ ಸಾ, ನಿಮ್ ಟಿವಿ ಮನೇಲಿರ್ತದ, ನಾವು ಒಲ್ದಲ್ಲಿರ್ತೀವಿ. ಯಂಗ್ ನೋಡದು?"

ಈ ಮಾತನ್ನ ನಮ್ಮ ಪ್ರೈಮ್‌ಟೈಮ್ ಪಂಡಿತರು ಗೋಡೆಗೆ ಬರೆದು ಹಾಕ್ಕೋಬೇಕು. ಸಂಜೆ ಏಳರಿಂದ ಹತ್ತು ನಮಗೆ ಚಿನ್ನದ ಸಮಯ. ಆ ಹೊತ್ತಿಗೆ ಕಾಡಂಚಿನ ಗಂಡಸು ಎಲ್ಲಿರ್ತಾನೆ? ಅಟ್ಟಣೆ ಮೇಲೆ. ಮುಸುಕಿನ ಜೋಳಕ್ಕೆ, ಬಾಳೆಗೆ ಆನೆ ಬರುತ್ತೆ, ಕಾಡುಹಂದಿ ಬರುತ್ತೆ. ರಾತ್ರಿ ತ್ರೀ ಫೇಸ್ ಕರೆಂಟ್ ಕೊಟ್ರೆ ಮೋಟಾರ್ ಹಾಕೋಕೆ ಏಳಬೇಕು. 2009ರಿಂದ ಬಂಡೀಪುರದ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ಬಂದ್. ಲಾರಿಯವರು ಚೆಕ್‌ಪೋಸ್ಟ್ ಬಳಿ ಬೆಳಗಾಗೋದನ್ನ ಕಾಯ್ತಾರೆ. ಎಚ್ಚರ ಇರಲೇಬೇಕು, ಟಿವಿ ಇಲ್ಲ, ಕಾಡಿನ ಕಡೆ ಸಿಗ್ನಲ್ಲೂ ನೆಟ್ಟಗಿಲ್ಲ. ಮೊದಲೇ ಇಳಿಸಿಟ್ಟುಕೊಂಡದ್ದೊಂದೇ ಗತಿ. ಯೂಟ್ಯೂಬ್ 2014ರ ಡಿಸೆಂಬರ್‌ನಲ್ಲಿ ಭಾರತದಲ್ಲಿ ಆಫ್‌ಲೈನ್ ಸೌಲಭ್ಯ ಕೊಟ್ಟಾಗ ಅದು ಈ ಜನರ ಅಭ್ಯಾಸಕ್ಕೆ ಕೊಟ್ಟ ಲೈಸೆನ್ಸ್, ಅಷ್ಟೆ.

ಆಮೇಲೆ ಬಂತು ಜಿಯೋ. 2016ರ ಸೆಪ್ಟೆಂಬರ್ 5ಕ್ಕೆ ಶುರು, 2017ರ ಮಾರ್ಚ್ ಕೊನೆವರೆಗೆ ಡೇಟಾ ಬಿಟ್ಟಿ. ಅದು ಮುಗಿದ ಮರುವಾರವೇ, ಏಪ್ರಿಲ್ 9ಕ್ಕೆ, ಗುಂಡ್ಲುಪೇಟೆ ಉಪಚುನಾವಣೆ. ಸಚಿವರಾಗಿದ್ದ ಎಚ್.ಎಸ್. ಮಹದೇವಪ್ರಸಾದ್ ತೀರಿಕೊಂಡು ತೆರವಾದ ಸ್ಥಾನ, ಅವರ ಪತ್ನಿ ಗೀತಾ ಗೆದ್ದರು. ಬೆಂಗಳೂರಿನ ಚಾನೆಲ್‌ಗಳ ವ್ಯಾನ್‌ಗಳೆಲ್ಲ ಅಲ್ಲಿ ಸಾಲಾಗಿ ನಿಂತಿದ್ದವು, ನಾನೂ ಇದ್ದೆ. ನೇರಪ್ರಸಾರ ಮುಗಿಸಿ ಟೀ ಕುಡಿಯೋಕೆ ಹೋದ್ರೆ ಅಂಗಡಿಯ ಟಿವಿ ಆಫ್. ನಾಲ್ಕು ಹುಡುಗರು ಫೋನ್‌ನಲ್ಲಿ ನಮ್ಮದೇ ಹಿಂದಿನ ದಿನದ ಚರ್ಚೆಯ ಎರಡು ನಿಮಿಷದ ತುಣುಕು ನೋಡಿ ನಗ್ತಿದ್ದಾರೆ. ನಾಯಕರಿಬ್ಬರು ಕಿತ್ತಾಡಿದ ಭಾಗ ಮಾತ್ರ. ಒಂದು ಗಂಟೆಯ ಕಾರ್ಯಕ್ರಮದಲ್ಲಿ ಅವರಿಗೆ ಬೇಕಾದದ್ದು ಅಷ್ಟೇ, ಅದನ್ನ ವಾಟ್ಸಾಪ್‌ನಲ್ಲಿ ಇಳಿಸಿಕೊಂಡಿದ್ದಾರೆ. ಚಾನೆಲ್ ಹೆಸರು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಟಿಆರ್‌ಪಿ ಅಳೆಯೋ ಬಾರ್ಕ್ ಸಂಸ್ಥೆ ಹಳ್ಳಿಗಳನ್ನ ಲೆಕ್ಕಕ್ಕೆ ತಗೊಂಡದ್ದೇ 2015ರ ಅಕ್ಟೋಬರ್‌ನಲ್ಲಿ. 2020ರ ಹೊತ್ತಿಗೆ ದೇಶಾದ್ಯಂತ ಮೀಟರ್ ಇದ್ದದ್ದು ಸುಮಾರು 44,000 ಮನೆಗಳಲ್ಲಿ. ಆ ಮೀಟರ್ ಕೂರೋದು ಟಿವಿ ಸೆಟ್‌ಗೆ. ಅಟ್ಟಣೆ ಮೇಲಿನ ಫೋನ್‌ಗಲ್ಲ. ಅಂದ್ರೆ ಗುಂಡ್ಲುಪೇಟೆಯ ಹಳ್ಳಿ ಲೆಕ್ಕಕ್ಕೆ ಸೇರೋ ಹೊತ್ತಿಗೆ ಅಲ್ಲಿಯ ಕಣ್ಣು ಟಿವಿಯಿಂದ ಆಚೆ ಹೊರಟಾಗಿತ್ತು. ಲೆಕ್ಕದಲ್ಲಿ ಇಲ್ಲದವರ ಸುದ್ದಿ ಯಾರು ಮಾಡ್ತಾರೆ? ನಮ್ಮ ಚಾನೆಲ್‌ಗಳಿಗೆ ಚಾಮರಾಜನಗರ ಅಂದ್ರೆ ಹುಲಿ, ವೀರಪ್ಪನ್, ಇಲ್ಲಾ ಅಂದ್ರೆ "ಅಲ್ಲಿಗೆ ಹೋದ ಮುಖ್ಯಮಂತ್ರಿ ಕುರ್ಚಿ ಕಳ್ಕೋತಾರೆ". ಸಿದ್ದರಾಮಯ್ಯ ಹತ್ತಾರು ಸಲ ಹೋಗಿ ಬಂದು ಐದು ವರ್ಷ ಪೂರೈಸಿದ ಮೇಲೂ ಆ ಕಥೆ ನಿಂತಿಲ್ಲ ಅಂದ್ರೆ ನೋಡಿ!

ಹಾಗಂತ ಟಿವಿ ಸತ್ತೇಹೋಯ್ತು ಅನ್ನೋ ಮಾತನ್ನೂ ನಾನು ಒಪ್ಪಲ್ಲ. 2020ರ ಲಾಕ್‌ಡೌನ್‌ನಲ್ಲಿ ಎಲ್ಲರೂ ಮನೆ ಸೇರಿದಾಗ ಮೂವತ್ತು ವರ್ಷ ಹಳೆಯ 'ರಾಮಾಯಣ'ವನ್ನೇ ಮತ್ತೆ ಹಾಕಿದ್ರೂ ಜನ ಕೂತು ನೋಡಿದ್ರು. ಸಂಜೆ ಸೀರಿಯಲ್ ಹೊತ್ತಿಗೆ ಮನೆಯ ಹೆಣ್ಣುಮಕ್ಕಳ ಕೈಯಿಂದ ರಿಮೋಟ್ ಕಿತ್ತುಕೊಳ್ಳೋಕೆ ಇವತ್ತಿಗೂ ಯಾರಿಗೂ ಧೈರ್ಯ ಇಲ್ಲ. ಮನೆಯಲ್ಲಿದ್ದವರು ಟಿವಿ ಬಿಟ್ಟಿಲ್ಲ. ಹೊಲದಲ್ಲಿ, ಲಾರಿಯಲ್ಲಿ, ಶುಂಠಿ ಕೆಲಸಕ್ಕೆ ಅಂತ ಕೇರಳದಲ್ಲಿ ಇರೋರನ್ನ ಟಿವಿಯೇ ಬಿಟ್ಟಿತ್ತು.

2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕಕ್ಕೆ ಕೊರತೆಯಾಯ್ತು. ಒಂದು ದಿನದೊಳಗೆ 24 ಸಾವು. ಕೆಲವು ದಿನ ಎಲ್ಲ ಚಾನೆಲ್‌ಗಳೂ ಬೇರೆ ಸುದ್ದಿ ಬಿಟ್ಟು ಅದನ್ನೇ ತೋರಿಸಿದವು. ಎಷ್ಟು ಜನ ನೋಡಿದರು ಅಂತ ಕೇಳಿದ್ರೆ ಹೇಳೋಕೆ ಅಂಕಿಯೇ ಇಲ್ಲ. ಟಿಆರ್‌ಪಿ ಹಗರಣದಿಂದಾಗಿ 2020ರ ಅಕ್ಟೋಬರ್‌ನಿಂದ 2022ರ ಮಾರ್ಚ್‌ವರೆಗೆ ಸುದ್ದಿ ಚಾನೆಲ್‌ಗಳ ರೇಟಿಂಗ್ ಪ್ರಕಟಣೆಯೇ ನಿಂತಿತ್ತು. ಆಮೇಲೆ ಚಾನೆಲ್‌ಗಳು ಮುಂದಕ್ಕೆ ಹೋದವು. ಒಂದೂವರೆ ವರ್ಷದ ಮೇಲೆ, ಅಲ್ಲಿ ಅಣ್ಣನನ್ನ ಕಳಕೊಂಡ ಒಬ್ಬರು ನನಗೆ ಸಿಕ್ಕಿದ್ರು. ಅವರ ಮನೆಯಲ್ಲಿ ಟಿವಿ ಇತ್ತು, ಕೇಬಲ್‌ಗೆ ದುಡ್ಡು ಕಟ್ಟೋದು ನಿಲ್ಲಿಸಿದ್ದರು. ಫೋನ್ ತೆಗೆದು ಅವತ್ತಿನ ಬುಲೆಟಿನ್‌ಗಳ ತುಣುಕುಗಳನ್ನ ಒಂದೊಂದಾಗಿ ತೋರಿಸಿದ್ರು, ತಾರೀಖಿನ ಸಮೇತ ಜೋಡಿಸಿಟ್ಟಿದ್ದರು. ಯಾವ ಅಧಿಕಾರಿ ಏನು ಹೇಳಿದ, ಯಾವ ಮಂತ್ರಿ ಯಾವ ಭರವಸೆ ಕೊಟ್ಟ, ಎಲ್ಲ ಇತ್ತು. "ಯೂಟ್ಯೂಬಿಂದ ತಗ್ದುಬುಟ್ರೆ ಅಂತ ಇಳಿಸ್ಕಂಡಿವ್ನಿ ಸಾ" ಅಂದ್ರು.