ಶಿಸ್ತಿನ ಲೆಕ್ಕ

ಶಿವಮೊಗ್ಗೆಯ ಕೋಟೆಯಲ್ಲಿ ಶಿವಪ್ಪನಾಯಕನ ಅರಮನೆಯೆಂದು ಕರೆಯುವ ಕಟ್ಟಡವೊಂದುಂಟು. ಈಗ ಅದು ವಸ್ತುಸಂಗ್ರಹಾಲಯ. ನಾನು ಕನ್ನಡ ಪಾಠ ಹೇಳುವ ಬಿ.ಕಾಂ. ಹುಡುಗರನ್ನು ಒಮ್ಮೆ ಅಲ್ಲಿಗೆ ಕರೆದೊಯ್ದಿದ್ದೆ. “ಲೆಕ್ಕ ಓದುವವರಿಗೆ ಅರಮನೆಯಲ್ಲೇನು ಕೆಲಸ, ಸಾರ್?” ಎಂದನೊಬ್ಬ. “ಶಿಸ್ತು ಎಂದರೇನಪ್ಪಾ?” ಎಂದೆ. “ಸಾಲಾಗಿ ನಿಲ್ಲುವುದು” ಎಂದ.

ಆ ಮಾತಿಗೆ ನಮ್ಮ ಮಲೆನಾಡಿನಲ್ಲಿ ಇನ್ನೊಂದು ಅರ್ಥವಿತ್ತು: ಭೂಮಿಗೆ ಕಟ್ಟಿದ ಕಂದಾಯ. ೧೬೪೫ರಿಂದ ೧೬೬೦ರವರೆಗೆ ಬಿದನೂರಿನಿಂದ ಆಳಿದ ಕೆಳದಿಯ ಶಿವಪ್ಪನಾಯಕ ಅದನ್ನು ಊಹೆಯಿಂದ ಗೊತ್ತುಮಾಡಲಿಲ್ಲ. ರೈಸ್ ಸಾಹೇಬರ ಮೈಸೂರು ಗೆಜೆಟಿಯರು ಹೇಳುವಂತೆ, ಊರೂರಿನಲ್ಲೂ ಒಂದೊಂದು ದರ್ಜೆಯ ನೆಲವನ್ನು ೧೨ ವರ್ಷ ತನ್ನ ಖರ್ಚಿನಲ್ಲೇ ಸಾಗುವಳಿ ಮಾಡಿಸಿದ. ಬಿತ್ತಿದ ಬೀಜ, ತಗಲಿದ ವೆಚ್ಚ, ಬಂದ ಫಸಲು, ಅದರ ಬೆಲೆ ಎಲ್ಲಕ್ಕೂ ಲೆಕ್ಕವಿಡಿಸಿದ. ಆಮೇಲೆ ಸರಾಸರಿ ತೆಗೆದು, ಹುಟ್ಟುವಳಿಯ ಮೂರರಲ್ಲೊಂದು ಪಾಲು ಸರ್ಕಾರಕ್ಕೆಂದು ನಿಗದಿಮಾಡಿದ. ಅದೇ ಶಿಸ್ತು.

ಇಂದು ವಿಮೆಯ ಗಣಿತ ಓದುವವರು ಮಾಡುವುದೂ ಇದನ್ನೇ ಅಲ್ಲವೇ? ಕಳೆದ ವರ್ಷಗಳನ್ನು ಅಳೆದು, ಬರುವ ವರ್ಷಕ್ಕೆ ಬೆಲೆ ಕಟ್ಟುತ್ತಾರೆ.

“ಮಳೆ ಕೈಕೊಟ್ಟ ವರ್ಷ ರೈತ ಸರಾಸರಿಯನ್ನು ಉಣ್ಣುತ್ತಾನೆಯೇ, ಸಾರ್?” ಎಂದ ಅದೇ ಹುಡುಗ. ಉತ್ತರ ತೋಚಲಿಲ್ಲ. ಮೂರರಲ್ಲೊಂದು ಪಾಲು ಹಗುರವೂ ಅಲ್ಲ. ಆದರೂ ಪ್ರಜೆಯ ಮುಂದೆ ಕೈಯೊಡ್ಡುವ ಮೊದಲು ಅರಸ ತಾನೇ ೧೨ ಮಳೆಗಾಲ ಬಿತ್ತಿಸಿ ನೋಡಿದನಲ್ಲ! ಲೆಕ್ಕ ಕಲಿಯುವ ನಮ್ಮ ಮಕ್ಕಳು ಆ ತಾಳ್ಮೆಯನ್ನೂ ಕಲಿಯಲಿ, ಈ ಹುಡುಗನ ಪ್ರಶ್ನೆಯನ್ನೂ ಮರೆಯದಿರಲಿ.